ಬೂದಿ ಹಚ್ಚಿ ತೊಳೆದ ಡಬ್ಬಿ

ತಮ್ಮಾ ಗುರುಲಿಂಗ,

ಮಗಳು ಶಾಂಭವಿಯ ರಕ್ತ ಪರೀಕ್ಷೆಗೆ ಆಳಂದಕ್ಕೆ ಹೊರಟೆ. ಹುಳ ಸಾಯಲೆಂದು ತೊಗರಿಗೆ ಹೊಡೆದ ಎಣ್ಣೆಯ ಡಬ್ಬಿಯನ್ನು ಬೂದಿ ಹಚ್ಚಿ ತೊಳೆದು, ಇಷ್ಟು ವರ್ಷ ಕುಡಿಯುವ ನೀರು ತುಂಬಿದವನು ನಾನೇ. ಇಪ್ಪತ್ತರವರೆಗೆ ಮಗ್ಗಿ ಹೇಳುತ್ತಿದ್ದ ಹದಿಮೂರು ವರ್ಷದ ಹುಡುಗಿ ಈಗ ಏಳರ ಮಗ್ಗಿಯಲ್ಲೇ ನಿಲ್ಲುತ್ತಾಳೆ. ಸೋಮಾರಿ ಎಂದು ಹೊಡೆದೆನಲ್ಲೋ! "ವಾಸನಿ ಹೋದ್ರ ವಿಷ ಹೋಗ್ತದೇನ್ರಿ? ಬೆಳಿಯೋ ಮಿದುಳದು" ಎಂದು ಡಾಕ್ಟರು ನಿನ್ನೆ ಬೈದರು.

ಆ ನೀರು ಚೆಲ್ಲು. ಡಬ್ಬಿಯ ತಳಕ್ಕೆ ತೂತು ಹೊಡೆ. "ಚಲೋ ಡಬ್ಬಿ ಯಾಕ ಹಾಳ ಮಾಡ್ತೀಲೇ" ಎಂದು ಅವ್ವ ಒದರಿದರೂ ನಿಲ್ಲಿಸಬೇಡ.

ಹೊಸ ಕೊಡ ತೆಗೆದುಕೊಂಡು ಇವತ್ತೇ ಕೊಳಕೂರಿಗೆ ಹೋಗು. ಅಲ್ಲಿ ತಂಗಿ ಶಿವಕಾಂತಾಗೆ ಅಂಥವೇ ಎರಡು ಡಬ್ಬಿ ತೊಳೆದು ಕೊಟ್ಟಿದ್ದೇನೆ. ಅವಳ ಮಕ್ಕಳೂ ಬೆಳೆಯುವವು. ಬೆಳಿಗ್ಗೆ ಅವಳಿಗೆ ಹೇಳಲೆಂದೇ ಫೋನ್ ಹಚ್ಚಿದೆ. "ಆರಾಮೇನಣ್ಣಾ?" ಅಂದಳು. "ಹ್ಞೂಂ" ಅಂದು ಇಟ್ಟುಬಿಟ್ಟೆ. ನೀನಾದರೂ ಹೇಳು.

ಧರ್ಮಣ್ಣ