ನಮ್ಮ ತೂಬಿನ ಬೀಗದ ಕೈ ಯಾರ ಬಳಿ ಇರಬೇಕು?

ಕೃಷಿ, ಮೀನುಗಾರಿಕೆ ಎರಡನ್ನೂ ಒಂದೇ ಸೂರಿನಡಿ ಉದ್ಧರಿಸುತ್ತಿರುವ ಕಚೇರಿಯ ನಿರ್ದೇಶಕರೇ,

'ಮಾನ್ಯರೇ' ಎಂದು ಬರೆಯಲು ಮನಸ್ಸು ಬರಲಿಲ್ಲ. ನೀವು ಹಾಕಿಸಿದ ಒಂದು ಬೀಗದಿಂದ ನಮ್ಮೂರಿನ ಅರವತ್ತು ಎಕರೆ ಗದ್ದೆಗೆ ಉಪ್ಪುನೀರು ನುಗ್ಗಿದೆ. ಸಮುದ್ರವನ್ನು ದೂರುವ ಹಾಗಿಲ್ಲ, ಅದು ತನ್ನ ಹೊತ್ತಿಗೆ ಸರಿಯಾಗಿಯೇ ಬಂದಿದೆ.

ನಾವು ಆರು ತಿಂಗಳು ರೈತರು, ಇನ್ನಾರು ತಿಂಗಳು ಸಿಗಡಿಯವರು. ಗದ್ದೆ ಮಾತ್ರ ಒಂದೇ. ಭತ್ತ ನಿಂತಿರುವಾಗ ಇಳಿತಕ್ಕೆ ತೂಬು ತೆರೆದು ಮಳೆನೀರು ಹೊರಗೆ ಬಿಡುತ್ತೇವೆ, ಉಬ್ಬರಕ್ಕೆ ಮೊದಲು ಮುಚ್ಚುತ್ತೇವೆ. ಕೊಯ್ಲಾದ ಮೇಲೆ ಉಪ್ಪುನೀರನ್ನು ನಾವೇ ಒಳಗೆ ಬಿಟ್ಟುಕೊಳ್ಳುತ್ತೇವೆ. ಜೊತೆಗೆ ಬಂದ ಸಿಗಡಿ ಮರಿಗಳಿಗೆ ಗದ್ದೆಯಲ್ಲಿ ಉಳಿದ ಭತ್ತದ ಕೂಳೆಯೇ ಮೇವು. ಇದಕ್ಕೆಲ್ಲ ಇದ್ದದ್ದು ತೂಬಿನ ಬಾಯಿಗೆ ಅಡ್ಡ ಇಡುವ ಒಂಬತ್ತು ಹಲಗೆ, ಅವನ್ನು ಹಾಕಿ ತೆಗೆಯಲು ನಾನು.

ಹೋದ ವರ್ಷ ನೀವು ಬೂಟಿಗೆ ಕೆಸರಾಗದಂತೆ ಬದುವಿನ ಮೇಲೆ ನಿಂತು, "ಕಬ್ಬಿಣದ ಬಾಗಿಲು ಹಾಕಿಸ್ತೀವಿ, ಕೀ ನಿಮ್ಮ ಹತ್ರಾನೇ ಇರತ್ತೆ" ಎಂದಿರಿ. ನಂಬಿದೆ. ಮನೆಮನೆಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದೆ. ನನ್ನ ಅಕ್ಕ ಸಹಿ ಹಾಕಿ, "ಹಲಗೆ ಮಾತ್ರ ಕೊಡಬೇಡ ತಮ್ಮಾ, ಅಟ್ಟದ ಮೇಲೆ ಬಿದ್ದಿರ್ಲಿ" ಎಂದಳು. ನಕ್ಕುಬಿಟ್ಟೆ. ಉದ್ಘಾಟನೆಯ ವೇದಿಕೆಗೆಂದು ಒಂಬತ್ತನ್ನೂ ಕೊಟ್ಟೆ. ಅವುಗಳ ಮೇಲೆ ನಿಂತೇ ನೀವು ನಮ್ಮ ಸ್ವಾವಲಂಬನೆಯನ್ನು ಹೊಗಳಿದಿರಿ. ಭಾಷಣ ಮುಗಿದ ಮೇಲೆ ಹಲಗೆಗಳು ಪೆಂಡಾಲಿನವರ ಲಾರಿ ಹತ್ತಿದವು, ಬೀಗದ ಕೈ ನಿಮ್ಮ ಜೀಪು ಹತ್ತಿತು. ಸರ್ಕಾರಿ ಆಸ್ತಿಯಂತೆ.

ಕಳೆದ ಶುಕ್ರವಾರ ಮಧ್ಯಾಹ್ನ, ತೆನೆಗೆ ಹಾಲು ತುಂಬುವ ಹೊತ್ತಿನಲ್ಲಿ, ನಿಮ್ಮ ನೌಕರ ಬಂದು ಇಳಿತಕ್ಕೆ ತೂಬು ತೆರೆದ. ತೆರೆದ ಬಾಗಿಲಿಗೇ ಸರಪಳಿ ಬಿಗಿದು ಬೀಗ ಜಡಿದು ಐದಕ್ಕೆ ಮನೆಗೆ ಹೋದ. ಶನಿವಾರ, ಭಾನುವಾರ ನಿಮಗೆ ರಜೆ. ಉಬ್ಬರಕ್ಕೆ ಯಾರು ರಜೆ ಕೊಡುತ್ತಾರೆ? ಗರಗಸ ತಂದು ಸರಪಳಿ ಕೊಯ್ಯಲು ನೋಡಿದೆವು, ಗರಗಸದ ಹಲ್ಲೇ ಸವೆಯಿತು. ಗಟ್ಟಿ ಕಬ್ಬಿಣ ಹಾಕಿಸುತ್ತೇನೆಂದ ಮಾತೊಂದನ್ನು ಉಳಿಸಿಕೊಂಡಿದ್ದೀರಿ. ಅಕ್ಕ ಎದೆಮಟ್ಟ ನೀರಿನಲ್ಲಿ ನಿಂತು ಮಣ್ಣಿನ ಚೀಲ ಒಡ್ಡಿದಳು, ನೀರು ಚೀಲದ ಜೊತೆ ಅವಳನ್ನೂ ಕೆಡವಿತು. ಆ ಹಲಗೆಗಳಿದ್ದಿದ್ದರೆ ಅರ್ಧ ಗಂಟೆಯ ಕೆಲಸ.

ಫೋನಿನಲ್ಲಿ ನೀವು ಹೇಳಿದ್ದೇನು? "ಹೋಗ್ಲಿ ಬಿಡಿ, ಉಪ್ಪುನೀರು ಬಂದ್ರೆ ಸಿಗಡಿ ಬರತ್ತಲ್ಲ!" ಹಸಿ ಭತ್ತ ಕೊಳೆತ ನೀರಿನಲ್ಲಿ ಸಿಗಡಿ ಉಸಿರಾಡುವುದಿಲ್ಲ ಸ್ವಾಮಿ. ಈ ವರ್ಷ ಎರಡೂ ಹೋದವು. ಎರಡಕ್ಕೂ ನೀವೇ ನಿರ್ದೇಶಕರು.

ಸಮಿತಿ ಬೇಡ, ಸಮೀಕ್ಷೆ ಬೇಡ. ಬೀಗದ ಕೈ ಕೊಡಿ. ನನಗಲ್ಲ, ಅಕ್ಕನಿಗೆ. ಅಂಚೆಯಲ್ಲಿ ಕಳಿಸಬೇಡಿ, ಖುದ್ದಾಗಿ ಬಂದು, ಮಾತು ತಪ್ಪಿದವರು ಯಾರೆಂದು ಅವಳೆದುರು ನಿಮ್ಮ ಬಾಯಲ್ಲೇ ಹೇಳಿ. ಭಾನುವಾರ ಅವಳು ನನಗೆ ಹೇಳಿದ್ದು ಇಷ್ಟೇ:

"ನಾನು ಸಹಿ ಹಾಕಿದ್ದು ಅವರನ್ನ ನೋಡಿ ಅಲ್ಲ, ನಿನ್ನ ನೋಡಿ."

ಇಂತಿ,
ನಿಮ್ಮ ಮಾತಿಗೆ ತನ್ನ ಮುಖ ಒತ್ತೆಯಿಟ್ಟ,
ಊರಿನ ಮಾಜಿ ತೂಬುಗಾರ