ಅರ್ಧಕ್ಕೆ ಬತ್ತಿಸಿದ ನೀರು

ವಿಶಾಲಾ,

ನಮ್ಮ ಬೋರ್‌ವೆಲ್ಲಿನ ನಲ್ಲಿ ನೀರನ್ನು ಕೊನೆಗೂ ಪರೀಕ್ಷೆಗೆ ಕೊಟ್ಟಿದ್ದೆ. ಕ್ರೋಮಿಯಂ ಇದೆಯಂತೆ, ಮಿತಿಗಿಂತ ಬಹಳ ಹೆಚ್ಚು. ನಾವು ಪೀಣ್ಯಕ್ಕೆ ಬಂದ ಹೊಸದರಲ್ಲಿ ಹಿಂದಿನ ಬೀದಿಯ, ಕಬ್ಬಿಣಕ್ಕೆ ಕ್ರೋಮಿಯಂ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡುಗಳಿಂದ ಮೋರಿಗೆ ಹಳದಿ ನೀರು ಹರಿಯುತ್ತಿತ್ತಲ್ಲ, ಆಮೇಲೆ ಅದಕ್ಕೆ ಚಪ್ಪಡಿ ಮುಚ್ಚಿದರು. ಕೇಳಬೇಕಾದವರು ಯಾರೂ ಕೇಳಲಿಲ್ಲ.

‘ನಾವು ಕುದಿಸಿಯೇ ಕುಡಿಯೋದು’ ಎಂದೆ.

ಲ್ಯಾಬಿನ ಹುಡುಗಿ ತಲೆಯಲ್ಲಾಡಿಸಿದಳು. ‘ಕುದಿಸಿದ್ರೆ ಕ್ರಿಮಿ ಸಾಯತ್ತೆ ಸಾರ್, ಇದು ಹೋಗಲ್ಲ. ನೀರು ಬತ್ತಿದಷ್ಟೂ ಇನ್ನೂ ಜಾಸ್ತಿ ಆಗತ್ತೆ. ಕಿಡ್ನಿಗೆ ಒಳ್ಳೇದಲ್ಲ.’

ನೀನು ಕಷಾಯದಂತೆ ಅರ್ಧಕ್ಕೆ ಬತ್ತಿಸುತ್ತಿದ್ದೆ. ನೀನು ಹಾಸಿಗೆ ಹಿಡಿದ ಮೇಲೆ ನಾನೂ ಹಾಗೆಯೇ ಬತ್ತಿಸಿ ನಿನಗೆ ಕುಡಿಸಿದೆ. ನಿನ್ನ ಕಿಡ್ನಿ ಹೋಗಿದ್ದು ಸಕ್ಕರೆ ಕಾಯಿಲೆಯಿಂದ ಎಂದಿದ್ದರು ಡಾಕ್ಟರು.

ದಾರಿಯಲ್ಲಿ ಒಂದು ಕ್ಯಾನ್ ನೀರು ಕೊಂಡು, ನೇರವಾಗಿ ಮಹಡಿಯ ಬಾಡಿಗೆ ಕೋಣೆಗೆ ಹತ್ತಿದೆ. ಕಲಬುರಗಿ ಕಡೆಯ ಮಹಾನಂದಾ ಕೂಸಿಗೆ ನೀರು ಕಾಯಿಸುತ್ತಿದ್ದಳು.

‘ಅಮ್ಮಾರು ಹೇಳಿಕೊಟ್ಟಂಗ ಅರ್ಧಕ್ಕ ಬತ್ತಿಸೇ ಕೊಡತೀನ್ರಿ’ ಎಂದಳು, ಹೆಮ್ಮೆಯಿಂದ.

‘ಇನ್ಮೇಲೆ ಈ ಕ್ಯಾನ್ ನೀರೇ ಕೊಡಮ್ಮ. ನಲ್ಲಿ ನೀರು ಈಚೆಗಷ್ಟೇ ಕೆಟ್ಟಿದೆ, ಅವಳಿದ್ದಾಗ ಚೆನ್ನಾಗಿತ್ತು’ ಎಂದು ಹೇಳಿ ಒಲೆ ಆರಿಸಿದೆ.