ಬಂಗ್ಡೆ ದರ ಓದುವವಳಿಗೆ

ಮರವಂತೆ
೧೯ ಜನವರಿ ೨೦೨೫, ಭಾನುವಾರ

ಪದ್ದುವಿಗೆ ಜಲಜಳ ನಮಸ್ಕಾರ.

ನಾವು ಇಲ್ಲಿ ಕ್ಷೇಮ. ನಿನ್ನ ಕ್ಷೇಮ ವಿಚಾರಿಸುವ ಅಗತ್ಯ ನನಗಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ರೇಡಿಯೋದಲ್ಲಿ ನಿನ್ನ ಗಂಟಲು ಕೇಳುತ್ತದೆ. ನಿನಗೆ ನೆಗಡಿಯಾದರೆ ಗಂಗೊಳ್ಳಿಯಿಂದ ಹೆಮ್ಮಾಡಿಯವರೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಬರೆಯುವುದು ಐದು ತಿಂಗಳು ತಡವಾಯಿತು. ಕ್ಷಮೆ ಕೇಳುವುದು ಪದ್ಧತಿ, ಕೇಳಿದ್ದೇನೆ ಎಂದು ತಿಳಿದುಕೋ. ಅರ್ಧ ತಪ್ಪು ನಿನ್ನದು. ನನ್ನ ನಂಬರನ್ನು ಬ್ಲಾಕ್ ಮಾಡಿ ಇಟ್ಟವಳು ನೀನು. ನಾಳೆ ಇದನ್ನು ರಿಜಿಸ್ಟರ್ ಮಾಡಿಸುತ್ತೇನೆ. ಮರವಂತೆಯಿಂದ ಪಕ್ಕದೂರು ತ್ರಾಸಿಗೆ ರಿಜಿಸ್ಟರ್ ಪತ್ರವೇ ಎಂದು ಪೋಸ್ಟಿನವರು ನಗಲಿ. ಸಹಿ ಹಾಕಿ ತೆಗೆದುಕೊಂಡ ಮೇಲೆ ನೀನು ಸಿಗಲಿಲ್ಲ ಎನ್ನುವಂತಿಲ್ಲ.

ವಿಷಯಕ್ಕೆ ಬರುತ್ತೇನೆ. ಬರುವ ಶನಿವಾರ ಹತ್ತು ಗಂಟೆಗೆ ಸಂಘದ ಮೀಟಿಂಗ್. ರೇಡಿಯೋ ಇರಬೇಕೋ, ಪರವಾನಗಿ ವಾಪಸು ಕೊಟ್ಟು ಬೀಗ ಹಾಕಬೇಕೋ ಎಂದು ಅವತ್ತು ತೀರ್ಮಾನ. ಒಂಬತ್ತು ಜನ ನಿರ್ದೇಶಕಿಯರಲ್ಲಿ ನಾಲ್ವರು ಇರಲಿ ಎನ್ನುತ್ತಾರೆ, ನಾಲ್ವರು ಸಾಕು ಎನ್ನುತ್ತಾರೆ. ಒಂಬತ್ತನೆಯವಳು ಅಧ್ಯಕ್ಷೆ. ಅಧ್ಯಕ್ಷೆ ಯಾರೆಂದು ನಿನಗೆ ನೆನಪಿರಬಹುದು.

ಮುನ್ನೂರ ಹನ್ನೆರಡು ಮೀನು ಮಾರುವ ಹೆಂಗಸರು ತಿಂಗಳಿಗೆ ಐವತ್ತು ರೂಪಾಯಿ ಕೊಟ್ಟು ನಡೆಸುತ್ತೇವೆ ಎಂದು ಒಪ್ಪಿದ ರೇಡಿಯೋ ಇದು. ಹೋದ ತಿಂಗಳು ಕೊಟ್ಟವರು ಅರವತ್ತೊಂದು. ಕಡಲ ಗಾಳಿಗೆ ಮಾಡಿನ ಮೇಲಿನ ಪ್ರಸಾರದ ಕಂಬ ತುಕ್ಕು ಹಿಡಿದು ಈಗ ತಂತಿಯೇ ಕಂಬವನ್ನು ಹಿಡಿದು ನಿಲ್ಲಿಸಿದೆ. ಬಾಕಿ ಬಿಲ್ಲಿಗೆ ಕರೆಂಟಿನವರು ಎರಡು ಸಲ ಬಂದು ಹೋದರು. ಮೂರನೆಯ ಸಲ ಕತ್ತರಿ ಹಿಡಿದೇ ಬರುತ್ತಾರೆ. ಇದರ ನಡುವೆ, ಸಾಕು ಎನ್ನುವ ನಾಲ್ವರಲ್ಲಿ ಒಬ್ಬಳಾದ ಶ್ರೀಲತಾ ಒಂದು ಗಿರಾಕಿ ಹಿಡಿದು ತಂದಿದ್ದಾಳೆ. ಚಿನ್ನದ ಮೇಲೆ ಸಾಲ ಕೊಡುವ ಕಂಪನಿಯಂತೆ, ನಿನ್ನ ಸ್ಟುಡಿಯೋ ಕೋಣೆಗೆ ತಿಂಗಳಿಗೆ ಹದಿನೆಂಟು ಸಾವಿರ ಬಾಡಿಗೆ. ಹೈವೇ ಬದಿ, ಮೇಲಿನ ಮಾಳಿಗೆ, ಶಬ್ದ ಹೊರಗೆ ಹೋಗದ ಗೋಡೆ. ಬಳೆ ಅಡವಿಡುವವರು ಅತ್ತರೂ ಕೆಳಗೆ ಕೇಳುವುದಿಲ್ಲ, ಅವರಿಗೆ ಬೇಕಾದದ್ದೂ ಅದೇ.

ಹೋದ ವಾರ ಈ ಮಾತು ಎದ್ದಾಗ ಚಂದ್ರಮತಿಯಕ್ಕ ಕೋಲು ಊರಿಕೊಂಡು ಎದ್ದು ನಿಂತರು. ಅವರಿಗೆ ಎಪ್ಪತ್ತೆಂಟು, ರೇಡಿಯೋದ ಕಡೆಯವರು. "ಅದನ್ನ್ ಬಂದ್ ಮಾಡ್ರೆ ಬೆಳಿಗ್ಗೆ ನಾ ಯಾರ್ ಒಟ್ಟಿಗೆ ಜಗ್ಳ ಮಾಡುದ್? ಗಂಡ ಇಲ್ಲೆ, ಸೊಸೆ ಮಾತಾಡುದಿಲ್ಲೆ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಣವಿಲ್ಲದ ಸಭೆಯಲ್ಲಿ ನಗು ಬಂದರೆ ಅದನ್ನೇ ಎಲ್ಲರೂ ಜಮೆ ಎಂದುಕೊಳ್ಳುತ್ತಾರೆ.

ಉಳಿದ ಇನ್ನೂರ ಐವತ್ತೊಂದು ಜನ ಯಾಕೆ ಕೊಡುವುದು ನಿಲ್ಲಿಸಿದರು? ನಿನ್ನ ಎಂಟು ಗಂಟೆಯ ದರ. ಅದನ್ನು ಶುರುಮಾಡುವಾಗ ನೀನು ಹೇಳಿದ ಕಾರಣ ಚೆನ್ನಾಗಿತ್ತು. ಬಂದರಿನ ಹರಾಜಿನಲ್ಲಿ ಯಾವ ಮೀನು ಎಷ್ಟಕ್ಕೆ ಹೋಯಿತು ಎಂದು ರೇಡಿಯೋದಲ್ಲಿ ಓದಿದರೆ ದಲ್ಲಾಳಿಗಳು ನಮ್ಮ ಹೆಂಗಸರಿಗೆ ಸುಳ್ಳು ಹೇಳಲಾಗುವುದಿಲ್ಲ ಎಂದೆ. ಅದು ನಿಂತದ್ದು ಹೌದು. ನಿನ್ನ ಪುಣ್ಯದ ಬದಿಗೆ ಅದನ್ನು ಬರೆದಿದ್ದೇನೆ. ಆದರೆ ರೇಡಿಯೋಗೆ ಬಾಗಿಲಿಲ್ಲ ಎಂಬುದನ್ನು ನೀನೂ ಯೋಚಿಸಲಿಲ್ಲ, ಸಂಘವೂ ಯೋಚಿಸಲಿಲ್ಲ. ಬುಟ್ಟಿ ಹೊರುವವರು ಮಾತ್ರ ಕೇಳಬೇಕು, ಕೊಳ್ಳುವವರು ಕಿವಿ ಮುಚ್ಚಬೇಕು ಎಂದರೆ ಆಗುತ್ತದೆಯೇ? ನಾವು ಹೆಡಿಗೆ ಹೊತ್ತು ಹೊರಡುವ ಮೊದಲೇ ನಮ್ಮ ಗುಟ್ಟು ಅವರ ಅಡುಗೆಮನೆಗೆ ಹೋಗಿ ಕೂತಿರುತ್ತದೆ.

ವನಜ ಈಗ ನಿನ್ನ ಹಳೆಯ ದಾರಿಯಲ್ಲೇ ಮಾರುವುದು. ತಲ್ಲೂರಿನಲ್ಲಿ ಒಂದು ಮನೆಯವರು ಅವಳನ್ನು ಗೇಟಿನ ಹೊರಗೇ ನಿಲ್ಲಿಸಿದರಂತೆ. "ಹ್ವಾಯ್, ಬಂದ್ರಂಗೆ ಬಂಗ್ಡೆ ನೂರ ನಲ್ವತ್ತ್ ಅಂಬ್ರಲೆ, ನೀವ್ ಇನ್ನೂರ ಇಪ್ಪತ್ತ್ ಹೇಳ್ತ್ರಿ ಎಂತಕ್ಕೆ?" ವನಜಳ ಬಾಯಿ ನಿನಗೆ ಗೊತ್ತಲ್ಲ. "ಹಂಗಾರೆ ಬಂದ್ರಕ್ಕೆ ಹೋಯಿ ತಕಂಬನ್ನಿ. ಐಸಿನ ದುಡ್ಡ್, ಬಸ್ಸಿನ ದುಡ್ಡ್, ನನ್ನ್ ಸೊಂಟದ್ ದುಡ್ಡ್ ನಿಮ್ಮ್ ರೇಡ್ಯೋ ಕೊಡತ್ತಾ?" ಎಂದು ಹೇಳಿ ಬಂದಳಂತೆ. ಮಾತಿನಲ್ಲಿ ಗೆದ್ದಳು, ಮೀನು ಉಳಿಯಿತು. ಅವತ್ತು ಎಂಟು ಕೆಜಿ ಬಂಗ್ಡೆಗೆ ಉಪ್ಪು ಹಾಕಿದ್ದಾಳೆ.

ಸೊಂಟದ ದರವನ್ನು ನೀನು ಯಾಕೆ ಓದುವುದಿಲ್ಲ? ಮೂವತ್ತೆಂಟು ವರ್ಷ ಹೊತ್ತವಳು ನೀನು. ನಿನ್ನ ಮೊಣಕಾಲು ಹಾಳಾದದ್ದು ಅದರಿಂದಲೇ. ಫ್ಯಾನಿನ ಕೆಳಗೆ ಕೂತ ಐದು ತಿಂಗಳಿಗೇ ಎಲ್ಲ ಮರೆತೆಯಾ? ಓದಲೇಬೇಕಾದರೆ ಹರಾಜಿನ ದರದ ಜೊತೆಗೆ ಐಸು, ರಿಕ್ಷಾ, ಕೊಳೆತು ಚೆಲ್ಲಿದ್ದು, ಎಲ್ಲ ಸೇರಿಸಿ ಓದು. ಅಷ್ಟು ಓದಲು ಧೈರ್ಯ ಬೇಕು. ಒಂದು ಅಂಕಿ ಓದಲು ಕನ್ನಡಕ ಸಾಕು.

ನನ್ನ ವ್ಯಾಪಾರದ ಸುದ್ದಿಯನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ಮುಚ್ಚಿಟ್ಟಳು ಎನ್ನುತ್ತೀ. ಹರಾಜಿನಲ್ಲಿ ನಾನು ಒಟ್ಟಿಗೆ ಕೂಗಿ ಹಿಡಿದು ಹದಿನಾಲ್ಕು ಜನರಿಗೆ ಹಂಚುತ್ತಿದ್ದೆ. ಈಗ ಆರು ಜನ ಉಳಿದಿದ್ದಾರೆ. ಹೋದವರು ಹೋಗುವಾಗ ಹೇಳಿದ್ದು ಒಂದೇ ಮಾತು: ಜಲಜಕ್ಕ ಬಂದರಿನ ದರ ಎಂದು ಹೇಳಿ ಕೆಜಿಗೆ ಇಪ್ಪತ್ತೈದು ಜಾಸ್ತಿ ತೆಗೆದುಕೊಂಡಳು. ತೆಗೆದುಕೊಂಡಿದ್ದೇನೆ, ಇಲ್ಲ ಎಂದು ಯಾವ ದೇವರ ಮುಂದೆಯೂ ಹೇಳುವುದಿಲ್ಲ. ಮಳೆಗಾಲದ ಎರಡು ತಿಂಗಳು ಬೋಟ್ ಇಳಿಯದಿದ್ದಾಗ ಅವರ ಮನೆಗೆ ಅಕ್ಕಿ ಹೋದದ್ದು ಆ ಇಪ್ಪತ್ತೈದರಿಂದ. ಬೇಸಿಗೆಯಲ್ಲಿ ಬಾಕ್ಸ್‌ಗಟ್ಟಲೆ ಕೆಟ್ಟಾಗ ಯಾರ ಹತ್ತಿರವೂ ಕೇಳದೆ ಗುಂಡಿ ತೆಗೆದು ಹೂತೆ. ಪೂರ್ತಿ ಅದಕ್ಕೇ ಹೋಯಿತೇ ಎಂದರೆ ಇಲ್ಲ. ನನ್ನ ಮನೆಯ ಟೈಲ್ಸ್ ಕೂಡ ಅದರಲ್ಲೇ ಬಂತು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಬುಟ್ಟಿ ಹೊತ್ತವಳು ಎರಡು ಟೆಂಪೋ ಮಾಡಿದ್ದು ಕಡಲ ಗಾಳಿ ಕುಡಿದು ಅಲ್ಲ.

ಸೆಪ್ಟೆಂಬರಿನಲ್ಲಿ ಇದನ್ನೇ ಹೇಳಲು ನಿನ್ನ ಫೋನ್ ಕಾರ್ಯಕ್ರಮಕ್ಕೆ ಕರೆ ಮಾಡಿದೆ. ಪದ್ದೂ, ನಾನ್ ಜಲಜ ಎಂದೆ, ಅಷ್ಟೇ. ಕೇಳುಗರೇ, ಕರೆ ಕಡಿತವಾಗಿದೆ, ಮುಂದಿನ ಕರೆಗೆ ಹೋಗೋಣ ಎಂದೆ ನೀನು, ಬೆಲ್ಲದಂಥ ದನಿಯಲ್ಲಿ. ಆ ಬೆಲ್ಲ ನಿನಗೆ ಯಾವ ಅಂಗಡಿಯಲ್ಲಿ ಸಿಕ್ಕಿತು ನನಗೆ ಗೊತ್ತಿಲ್ಲ. ಬ್ರಹ್ಮಾವರದಲ್ಲಿ ಮೂರು ದಿನ ರೇಡಿಯೋ ತರಬೇತಿಗೆ ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿದ್ದೆವು. ಆಗ ಮೈಕ್ ಕಂಡರೆ ನಿನಗೆ ಬಿಕ್ಕಳಿಕೆ ಬರುತ್ತಿತ್ತು.

ನನ್ನ ಷರತ್ತನ್ನು ವನಜಳ ಕೈಯಲ್ಲಿ ಹೇಳಿಕಳಿಸಿದ್ದೆ. ದರ ಓದುವುದನ್ನು ನಿಲ್ಲಿಸು, ಬಾಕಿ ಎಲ್ಲ ನಡೆಯಲಿ, ನನ್ನ ಕೈ ರೇಡಿಯೋದ ಕಡೆಗೆ. ನೀನು ಕಳಿಸಿದ ಉತ್ತರವನ್ನು ಅವಳು ಬಾಯಿಪಾಠ ಮಾಡಿಕೊಂಡು ಬಂದಳು: "ದರ ಹೇಳ್ದಿದ್ದ್ ರೇಡ್ಯೋ ನಂಗ್ ಬ್ಯಾಡ. ಮುಚ್ಚುದಾರೆ ಮುಚ್ಚಿ ಅಂದೇಳಿ ಹೇಳ್." ಸರಿ. ಹಾಗಾದರೆ ಮುಚ್ಚುವುದೇ. ಶನಿವಾರ ನನ್ನ ಕೈ ಶ್ರೀಲತಾಳ ಕೈಯ ಜೊತೆಗೆ ಏಳುತ್ತದೆ. ಸಂಬಳವಿಲ್ಲದ ಕೆಲಸ ಹೋಯಿತು ಎಂದು ಅಳುವವಳು ನೀನಲ್ಲ. ಆದರೆ ಎಂಟು ಗಂಟೆಗೆ ಎದ್ದು ಎಲ್ಲಿಗೆ ಹೋಗುತ್ತೀ ಎಂದು ಈಗಲೇ ಯೋಚಿಸಿಕೋ.

ನಿನ್ನ ಮಗಳು ಪ್ರೇಕ್ಷಾಳಿಗೆ ಏಳು ತಿಂಗಳು ಎಂದು ಕೇಳಿದೆ. ಹೆರಿಗೆ ಸಲೀಸಾಗಲಿ, ತಾಯಿ ಮಗು ಎರಡೂ ಜೀವ ಚೆನ್ನಾಗಿರಲಿ. ನಿನ್ನ ಮೊಣಕಾಲಿನ ನೋವು ಇಳಿಯಲಿ. ಊರ ದೇವರು ಮಾರಸ್ವಾಮಿ ನಿನ್ನನ್ನು ಕಾಯಲಿ. ನಿನಗೆ ಬುದ್ಧಿ ಕೊಡು ಎಂದು ಮಾತ್ರ ನಾನು ಕೇಳಿಕೊಳ್ಳುವುದಿಲ್ಲ, ಅವನಿಗೂ ಬೇರೆ ಕೆಲಸವಿದೆ.

ಇಂತು,
ಜಲಜ

ಬರೆಯದೆ ಉಳಿದದ್ದು: ಲಕೋಟೆಗೆ ಅಂಟು ಹಾಕಿದ್ದೆ, ಮತ್ತೆ ಬಿಡಿಸಿದೆ. ಆಗಸ್ಟಿನಲ್ಲಿ ನೀನು ಕೊನೆಯ ಸಲ ಮೀನು ತೆಗೆದುಕೊಳ್ಳಲು ನನ್ನ ಅಂಗಳಕ್ಕೆ ಬಂದ ದಿನ ನಾನು ಇಪ್ಪತ್ತು ಕೆಜಿ ಬಂಗ್ಡೆ ತೂಗಿದೆ. ಇವತ್ತು ಬಂದರಿನಲ್ಲಿ ಎಷ್ಟು ಎಂದು ಕೇಳಿದೆ ನೀನು. ನೂರ ಅರವತ್ತೈದು ಎಂದೆ ನಾನು. ಮರುದಿನ ರೇಡಿಯೋದಲ್ಲಿ ಮೊದಲ ಸಲ ದರ ಓದಿದೆಯಲ್ಲ, ಅವತ್ತಿನದನ್ನು ಓದಿದ್ದರೆ ಸಾಕಿತ್ತು. ನೀನು ಹಿಂದಿನ ದಿನದ್ದನ್ನೂ ಓದಿದೆ: ನೂರ ನಲವತ್ತು. ಅಂದರೆ ಗೊತ್ತಿದ್ದೇ ಕೇಳಿದ್ದು.

ಅಂಗಳದಲ್ಲೇ ನಿಂತು, "ಮಾರಿ, ನನ್ನ ಹತ್ತಿರವೂ ಇಪ್ಪತ್ತೈದು ತಿನ್ನುತ್ತೀಯಾ" ಎಂದು ಊರು ಕೇಳುವ ಹಾಗೆ ಬೈದಿದ್ದರೆ ನಾನೂ ಬೈಯುತ್ತಿದ್ದೆ. ಗಂಟಲು ಸೋತ ಮೇಲೆ ಹತ್ತು ಇಳಿಸುತ್ತಿದ್ದೆ, ಚಾ ಇಡುತ್ತಿದ್ದೆ. ಮೂವತ್ತೆಂಟು ವರ್ಷ ನಮ್ಮಿಬ್ಬರ ನಡುವೆ ನಡೆದದ್ದೇ ಹಾಗೆ. ಅವತ್ತು ನೀನು ಬೈಗುಳದ ಒಂದು ಮಾತೂ ಆಡದೆ ಮೂರು ಸಾವಿರದ ಮುನ್ನೂರು ಎಣಿಸಿ ಕೊಟ್ಟೆ, ಬುಟ್ಟಿ ಹೊರಿಸು ಎಂದೆ, ನಾನು ಹೊರಿಸಿದೆ, ನೀನು ಹೋದೆ. ನಾನು ಯಾರೋ ಎಂಬ ಹಾಗೆ.

ದರ ಬೇಕಾದರೆ ಓದು. ಶನಿವಾರ ಒಂಬತ್ತಕ್ಕೆ ಇಲ್ಲಿಗೆ ಬಂದು ಬೈ, ಆಮೇಲೆ ಒಟ್ಟಿಗೆ ಮೀಟಿಂಗಿಗೆ ಹೋಗುವ. ಬಾರದಿದ್ದರೆ, ನಾನು ಯಾರೋ ಆದಮೇಲೆ, ಯಾರದೋ ರೇಡಿಯೋಗೆ ಕೈ ಎತ್ತುವ ಕೆಲಸ ನನಗೇನಿದೆ?